ಕಿವಿ ಸರಿ ಇವೆಯೆಂದು ಬರೆದುಕೊಟ್ಟ ವರ್ಷ

ಪಿಂಚಣಿಗಾಗಿ ವರ್ಷಕ್ಕೊಮ್ಮೆ ಕೊಡಬೇಕಾದ, ನಾನಿನ್ನೂ ಬದುಕಿದ್ದೇನೆಂಬ ಕಾಗದ ಕೊಟ್ಟುಬರಲು ಹೋದ ವಾರ ಹೈದರಾಬಾದಿನ ಸನತ್‌ನಗರಕ್ಕೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ಬಸ್ ಸ್ಟಾಪಿನ ಕಡೆ ಹೋಗಬೇಕಾದ ಕಾಲುಗಳು ತಾವಾಗಿಯೇ ಹಳೆಯ ಶೆಡ್ಡುಗಳ ಗಲ್ಲಿಗೆ ತಿರುಗಿದವು. ಮಳೆ ಬಂದು ಆಗಷ್ಟೇ ನಿಂತಿತ್ತು. ಒಂದು ಗೇಟಿನ ಮುಂದೆ ಬಂದಾಗ ಆ ವಾಸನೆ ಮೂಗಿಗೆ ಹೊಡೆಯಿತು. ಕಾದ ತಗಡು, ಸುಟ್ಟ ಎಣ್ಣೆ, ಜೊತೆಗೆ ಒದ್ದೆ ಗೋಣಿಚೀಲದ ಮುಗ್ಗಲು. ಇಪ್ಪತ್ತಾರು ವರ್ಷ ಆ ವಾಸನೆಯನ್ನು ಅಂಗಿಯಲ್ಲಿ ಹೊತ್ತು ಮನೆಗೆ ತಂದವನು ನಾನು. ಒಳಗೆ ಪ್ರೆಸ್ಸುಗಳು ಓಡುತ್ತಿದ್ದವು. ಚಪ್ಪಲಿಯ ಕೆಳಗೆ ನೆಲ ಅದುರುತ್ತಿದ್ದುದರಿಂದ ಅದು ಗೊತ್ತಾಯಿತೇ ಹೊರತು ಸದ್ದು ಬರಲಿಲ್ಲ. ತಗಡು ಬಡಿಯುವ ಒಂದು ಡಜನ್ ಯಂತ್ರಗಳು ಇಪ್ಪತ್ತು ಹೆಜ್ಜೆ ದೂರದಲ್ಲಿ ಬಾಯಿಬಡಿದುಕೊಳ್ಳುತ್ತಿದ್ದರೂ ನನ್ನ ಪಾಲಿಗೆ ಅದು ಮಧ್ಯಾಹ್ನ ಮುಚ್ಚಿದ ಶಾಲೆಯಷ್ಟು ಶಾಂತವಾಗಿತ್ತು. ವಾಚ್‌ಮನ್ ಬಂದು ಏನೋ ಕೇಳಿದ. ಅವನ ತುಟಿ ನೋಡಿ, ಯಾರು ಬೇಕು ಎನ್ನುತ್ತಿದ್ದಾನೆಂದು ತಿಳಿದುಕೊಂಡೆ. ಯಾರೂ ಬೇಡ ಎಂದು ಕೈಯಾಡಿಸಿ ಹೊರಟುಬಂದೆ.

ಆದರೆ ಆ ವಾಸನೆ ಬಿಡಲಿಲ್ಲ. ಕರೋನಾ ಬಂದ ವರ್ಷ ಮತ್ತು ಅದರ ಹಿಂದಿನ ಮಳೆಗಾಲ, ಎರಡೂ ಸೇರಿ ನನ್ನ ತಲೆಯಲ್ಲಿ ಒಂದೇ ವರ್ಷವಾಗಿ ಕೂತಿವೆ. ಒಂದು ಮಳೆಯಿಂದ ಇನ್ನೊಂದು ಮಳೆಯವರೆಗಿನ ಆ ವರ್ಷವನ್ನು ನೆನೆದರೆ ನನಗೆ ಈಗಲೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ನಮ್ಮದು ಫ್ಯಾನಿನ ಬಟ್ಟಲು, ಮಿಕ್ಸರಿನ ತಳ, ಸ್ವಿಚ್ಚಿನ ಪೆಟ್ಟಿಗೆ ಇಂಥವನ್ನು ತಗಡಿನಲ್ಲಿ ಒತ್ತಿ ತೆಗೆಯುವ ಸಣ್ಣ ಕಾರ್ಖಾನೆ. ಒತ್ತುವ ಯಂತ್ರಗಳಿದ್ದ ವಿಭಾಗ, ಪ್ರೆಸ್ ಶಾಪಿನಲ್ಲಿ ರಾಯಚೂರು ಕಡೆಯವರೇ ಹೆಚ್ಚು. ನಾನು ಲಿಂಗಸೂಗೂರಿನವನು, ಹೆಸರು ಗುರುಪಾದಪ್ಪ. ಹತ್ತನೇ ತರಗತಿ ಪಾಸಾಗಿದ್ದೆ, ಹಿಂದಿ ಬರೆಯಲು ಬರುತ್ತಿತ್ತು, ನವೆಂಬರಿನಲ್ಲಿ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಭಾಷಣ ಬಿಗಿಯುತ್ತಿದ್ದೆ. ಹೀಗಾಗಿ ಯಾರಿಗೆ ರಜೆ ಚೀಟಿ ಬೇಕಾದರೂ, ಯಾರ ಜಗಳ ಬಿಡಿಸಬೇಕಾದರೂ ನಾನೇ. ಶರಣಪ್ಪ ಮಾನ್ವಿಯವನು, ನನಗಿಂತ ಹತ್ತು ವರ್ಷ ಸಣ್ಣವನು. ನಾನೇ ಅವನನ್ನು ಕೆಲಸಕ್ಕೆ ಸೇರಿಸಿದ್ದು, ತಗಡಿಗೆ ಆಕಾರ ಕೊಡುವ ಅಚ್ಚು, ಅಂದರೆ ಡೈ, ಕೂರಿಸುವುದನ್ನು ನಾನೇ ಕಲಿಸಿದ್ದು. ನಮ್ಮ ವಠಾರದಲ್ಲಿ ಅವನ ಖೋಲಿಗೂ ನನ್ನ ಖೋಲಿಗೂ ನಡುವೆ ಒಂದು ನಲ್ಲಿ ಮಾತ್ರ ಇತ್ತು. ನಾನು ಹೇಳಿದ್ದಕ್ಕೆ ಅವನು ಎಂದೂ ಇಲ್ಲ ಅಂದವನಲ್ಲ. ಅವನ ಆ ನಂಬಿಕೆಯೇ ಅವನಿಗೆ ಮುಳುವಾಯಿತು.

ಪ್ರೆಸ್ಸಿನ ಮುಂದೆ ಮಾತು ಕೇಳಿಸುವುದಿಲ್ಲ. ಹಾಗಾಗಿ ನಮ್ಮಲ್ಲಿ ಕೈ ಮಾತು ಇತ್ತು. ಮುಷ್ಟಿ ಹಿಡಿದು ತೋರಿಸಿದರೆ ಓಡಿಸು. ಅಂಗೈ ಎತ್ತಿ ತೋರಿಸಿದರೆ ನಿಲ್ಲಿಸು, ಕೈ ಹಾಕಬೇಡ. ಕೆಲಸಕ್ಕೆ ಸೇರಿದ ಮೊದಲ ದಿನ ಪ್ರತಿಯೊಬ್ಬನಿಗೂ ಕಲಿಸುತ್ತಿದ್ದ ಪಾಠ ಇದು. ಉಳಿದ ಹರಟೆಗೆಲ್ಲ ತುಟಿ ನೋಡುತ್ತಿದ್ದೆವು. ಅಡ್ಡಾಡುತ್ತ, ಬೀಡಿ ಹಚ್ಚುತ್ತ, ಎದುರಿನವನ ಬಾಯಿ ನೋಡಿಯೇ ಅವನ ಮನೆಯ ಕಥೆಯಷ್ಟೂ ತಿಳಿದುಕೊಳ್ಳುತ್ತಿದ್ದೆವು. ಅದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ನೋಡುತ್ತಿದ್ದೇವೆ ಎಂಬುದೇ ಮರೆತುಹೋಗಿತ್ತು. ಕೇಳುತ್ತಿದ್ದೇವೆ ಎಂದುಕೊಂಡಿದ್ದೆವು.

ಆ ಮಳೆಗಾಲ ಒಂದು ವ್ಯಾನು ಬಂದು ಗೇಟಿನೊಳಗೆ ನಿಂತಿತು. ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಗಳಲ್ಲಿ ಕಿವಿ ಪರೀಕ್ಷೆ ಮಾಡುತ್ತಿದ್ದಾರಂತೆ ಎಂದು ಸುದ್ದಿ. ತೆಳ್ಳಗಿನ ಒಬ್ಬ ಡಾಕ್ಟರಮ್ಮ ಇದ್ದರು, ವರಂಗಲ್ ಕಡೆಯವರು. ವ್ಯಾನಿನೊಳಗೆ ಗಾಜಿನ ಡಬ್ಬಿ, ಅದರಲ್ಲಿ ಒಂದು ಕುರ್ಚಿ. ಕಿವಿಗೆ ಮುಚ್ಚಳ ಹಾಕಿಕೊಂಡು ಕೂರಬೇಕು, ಕುಂಯ್ ಎಂದು ಸದ್ದು ಬಂದಾಗ ಬೆರಳೆತ್ತಬೇಕು. ನಾವು ಪಟಪಟ ಬೆರಳೆತ್ತಿದೆವು. ಮೊದಲ ಐದಾರು ಜನ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾದರು. ಆಮೇಲೆ ಆಕೆ ಸ್ವಲ್ಪ ಹೊತ್ತು ನಮ್ಮ ಮುಖಗಳನ್ನೇ ನೋಡಿದರು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಎಲ್ಲರನ್ನೂ ಮತ್ತೆ ಮೊದಲಿನಿಂದ ಕೂರಿಸಿದರು. ಆಗ ಬೆರಳುಗಳು ಮೇಲೇಳುವುದು ನಿಂತುಹೋಯಿತು. ಗಾಜಿನಾಚೆ ಆಕೆಯ ಬೆರಳು ಗುಂಡಿ ಒತ್ತುವುದನ್ನು ನೋಡಿ ನಾವು ಬೆರಳೆತ್ತುತ್ತಿದ್ದೆವು. ಮೋಸ ಮಾಡಬೇಕೆಂದಲ್ಲ, ನಮಗೆ ಬೇರೆ ರೀತಿ ಗೊತ್ತೇ ಇರಲಿಲ್ಲ.

ಎರಡು ವಾರದ ಮೇಲೆ ಹಾಜರಿ ಬರೆಯುವ ಟೈಮ್ ಆಫೀಸಿನ ಪಕ್ಕದ ಬೋರ್ಡಿನಲ್ಲಿ ಒಂದು ಚಾರ್ಟು ಬಂತು. ಹೆಸರು ಯಾರದ್ದೂ ಇರಲಿಲ್ಲ. ಒಂದೊಂದು ವಿಭಾಗಕ್ಕೆ ಒಂದೊಂದು ಕಂಬ. ಪ್ಯಾಕಿಂಗಿನವರದು ಮೊಣಕಾಲೆತ್ತರ, ಪೇಂಟಿನವರದು ಇನ್ನೊಂದಿಷ್ಟು. ಪ್ರೆಸ್ ಶಾಪಿನ ಕೆಂಪು ಕಂಬ ಹಾಳೆಯ ತುದಿ ಮುಟ್ಟಲು ನಾಲ್ಕು ಬೆರಳು ಮಾತ್ರ ಬಾಕಿ. ಕೆಳಗೆ ಹಿಂದಿ, ತೆಲುಗು ಎರಡರಲ್ಲೂ ಬರೆದಿದ್ದರು, ಪ್ರೆಸ್ ಶಾಪಿನಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕಿವಿ ಮಂದವಾಗಿದೆ, ಇವರನ್ನು ಕೆಲವು ತಿಂಗಳು ಬೇರೆ ಕೆಲಸಕ್ಕೆ ಹಾಕಬೇಕು, ಎಲ್ಲರಿಗೂ ಕಿವಿಮುಚ್ಚಳ ಕೊಡಬೇಕು ಎಂದು.

ಚಹಾ ಬಿಡುವಿನಲ್ಲಿ ಅದರ ಮುಂದೆ ಜಾತ್ರೆ ಸೇರಿತು. ಇವತ್ತು ಯೋಚಿಸಿದರೆ ನಗು ಬರಬೇಕು, ಬರುವುದಿಲ್ಲ. ಕರೆಂಟಿನ ಕೆಲಸದ ಗೌಸ್ ಭಾಯ್ ಗ್ಲಾಸು ಕೈಯಲ್ಲಿ ಹಿಡಿದು ಶುರು ಮಾಡಿದ.

"ಅರೇ, ಮೇರೇಕು ತೋ ಸಬ್ ಬರಾಬರ್ ಸುನಾತಾ! ಕಲ್ ರಾತ್ ಬಿಲ್ಲಿ ಆಯೀ, ವೋ ಭೀ ಸುನಾ!"

ತನಗೆ ಬೆಕ್ಕು ಬಂದ ಸದ್ದೂ ಕೇಳಿಸುತ್ತದೆ ಎಂದು ಅವನ ವಾದ. ಪಕ್ಕದಲ್ಲಿದ್ದ ಯಾದಗಿರಿ ಎಂಬ ತೆಲುಗಿನವನು ತನ್ನ ತಾತನನ್ನು ಮಾತಿಗೆ ಎಳೆತಂದ. ತಾತ ಜೀವಮಾನವೆಲ್ಲ ಕಲ್ಲು ಗಣಿಯಲ್ಲಿ ಮದ್ದು ಹಾರಿಸಿದವನು, ಸಾಯುವವರೆಗೂ ಸೊಸೆಯರ ಪಿಸುಮಾತು ಕೇಳಿಸಿಕೊಂಡು ಜಗಳ ತೆಗೆಯುತ್ತಿದ್ದನಂತೆ. ಇನ್ನೊಬ್ಬ, ಕಿವಿ ಮಂದವಾಗುವುದು ಮೊಬೈಲಿನಿಂದ ಎಂದ. ಮತ್ತೊಬ್ಬ ಹೈದರಾಬಾದಿನ ನೀರು ಎಂದ. ಕುರ್ಚಿ ತಿರುಗಿಸಿದ ಮೇಲೇ ಯಂತ್ರ ಕೆಟ್ಟಿತು, ಅದಕ್ಕೆ ಮೊದಲು ಕೂತವರೆಲ್ಲ ಪಾಸಾಗಿದ್ದರಲ್ಲ ಎಂದು ಹಲವರು ಒಟ್ಟಿಗೇ ಕೂಗಿದರು. ಚಾರ್ಟಿನಲ್ಲಿದ್ದದ್ದು ನಮ್ಮೆಲ್ಲರ ಲೆಕ್ಕ. ನಾವು ಅದರೆದುರು ಒಬ್ಬೊಬ್ಬರೇ ನಮ್ಮ ನಮ್ಮ ಅಜ್ಜಂದಿರನ್ನು ತಂದು ನಿಲ್ಲಿಸಿದೆವು. ಅರ್ಧಕ್ಕಿಂತ ಹೆಚ್ಚು ಜನ ಅಂದರೆ ಯಾರು ಯಾರು ಎಂದು ಒಬ್ಬನೂ ಕೇಳಲಿಲ್ಲ. ಪ್ರತಿಯೊಬ್ಬನೂ ತಾನು ಉಳಿದರ್ಧದವನು ಎಂದೇ ತಿಳಿದಿದ್ದ.

ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಿಡುತ್ತೇನೆಯೇ?

"ನೋಡ್ರೆಪಾ, ನಾ ಇಪ್ಪತ್ತು ವರ್ಷದ ಮ್ಯಾಲಾತು ಪ್ರೆಸ್ ಹೊಡ್ಯಾಕತ್ತಿ. ನನಗ ಏನಾಗೇತಿ? ನೀವೆಲ್ಲ ಮಾತಾಡೂದು ಒಂದೊಂದು ಅಕ್ಷರ ಕೇಳಸಾಕತ್ತೈತಿ. ಎರಡು ದಿನ ವ್ಯಾನಿನ್ಯಾಗ ಕುಂತು ಹೋದಾಕಿಗೆ ನಮ್ಮ ಕಿವಿ ನಮಗಿಂತ ಚಲೋ ಗೊತ್ತೇನು?"

ಹೋ ಎಂದರು. ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಟೈಮ್ ಆಫೀಸಿನ ಗುಮಾಸ್ತ ಎರಡೂ ಕಿವಿ ಮುಚ್ಚಿಕೊಂಡು ಎದ್ದುಬಂದು ಕಿಟಕಿಯ ಬಾಗಿಲನ್ನು ದಬ್ಬಿ ಹಾಕಿಕೊಂಡ. ಕೇಳಿಸುತ್ತದೆ ಎಂದು ನಾವೆಲ್ಲ ಗಂಟಲು ಹರಿಯುವಂತೆ ಅರಚುತ್ತಿದ್ದೆವು. ಅವನ ಮುಖ ನೋಡಿ ಅವನಿಗೆ ಸೊಕ್ಕು ಎಂದುಕೊಂಡೆ.

ಮ್ಯಾನೇಜರು ನಮ್ಮನ್ನು ಕರೆಸಿ ಏನೂ ಬೆದರಿಸಲಿಲ್ಲ, ಅದನ್ನು ಹೇಳಲೇಬೇಕು. ಪ್ಯಾಕಿಂಗಿನಲ್ಲಿ ಅಷ್ಟು ಜನಕ್ಕೆ ಜಾಗ ಎಲ್ಲಿದೆ ಎಂದು ಯಾರ ಹತ್ತಿರವೋ ಗೊಣಗಿದನಂತೆ. ಅಷ್ಟೇ ಸಾಕಾಯಿತು. ಕಿವುಡನೆಂದು ಕಾಗದದಲ್ಲಿ ಬಿದ್ದರೆ ಮನೆಗೆ ಕಳಿಸುತ್ತಾರೆ ಎಂಬ ಮಾತು ಸಂಜೆಯೊಳಗೆ ಶಾಪಿನ ತುಂಬ ಹಬ್ಬಿತು. ನಾನು ಒಂದು ಪತ್ರ ಬರೆಯುತ್ತೇನೆ ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಪ್ರೆಸ್ ಶಾಪಿನ ನಾವೆಲ್ಲರೂ ಚೆನ್ನಾಗಿ ಕೇಳಿಸಿಕೊಳ್ಳುತ್ತೇವೆ, ನಮ್ಮ ಕಿವಿಗಳು ಸರಿ ಇವೆ, ಆ ಚಾರ್ಟನ್ನು ನಾವು ಒಪ್ಪುವುದಿಲ್ಲ ಎಂದು ದುಂಡಗಿನ ಹಿಂದಿ ಅಕ್ಷರಗಳಲ್ಲಿ ಬರೆದೆ. ಬರೆಯುವಾಗ ಎಂಥ ಹುಮ್ಮಸ್ಸು!

ಎಲ್ಲರೂ ರುಜು ಹಾಕಿದರು, ಶರಣಪ್ಪ ಒಬ್ಬ ಉಳಿದ. ಆ ಸಂಜೆ ನಲ್ಲಿಯ ಹತ್ತಿರ ಕೊಡ ತುಂಬಿಸುತ್ತ ನಿಂತವನು ನನ್ನನ್ನು ಕಂಡು ನಲ್ಲಿ ನಿಲ್ಲಿಸಿದ.

"ಅಣ್ಣಾ, ಒಂದು ಮಾತು. ನನ್ನ ಕಿವ್ಯಾಗ ಹಗಲೂರಾತ್ರಿ ಜೀರುಂಡಿ ಒದರಿದಂಗ ಆಗಾಕತ್ತೈತಿ. ಮಗಳು ಹಿಂದಿಂದ ಕರದ್ರ ಗೊತ್ತ ಆಗೂದಿಲ್ಲ. ಮೊನ್ನಿ ಡಾಕ್ಟರಮ್ಮ ನನಗ ಬ್ಯಾರೆ ಕರದು ಹೇಳ್ಯಾರ, ಈಗ ಪ್ರೆಸ್ ಬಿಟ್ರ ಇದ್ದಷ್ಟರ ಉಳೀತೈತಿ ಅಂತ. ನಾ ಪ್ಯಾಕಿಂಗಿಗೆ ಹೋಗ್ಲೇನು?"

"ಹುಚ್ಚ ಅದಿ ನೀ. ನನಗೂ ಹಂಗ ಒದರತೈತಿ. ಎರಡು ಹನಿ ಉಗುರುಬೆಚ್ಚಗ ಎಣ್ಣಿ ಬಿಡು, ಹೋಗತೈತಿ."

"ನಿನಗೂ ಒದರತೈತೇನು?" ಎಂದು ಅವನು ನನ್ನ ಮುಖವನ್ನೇ ನೋಡಿದ. ನನಗೂ ಒದರುತ್ತದೆ ಎಂದು ನಾನು ಬಾಯಿ ತಪ್ಪಿ ಆಡಿಬಿಟ್ಟಿದ್ದೆ. ನಾನು ಅಲ್ಲಿ ಒಂದು ಗಳಿಗೆ ನಿಂತು ಯೋಚಿಸಬಹುದಿತ್ತು. ಬದಲಿಗೆ ದನಿ ಏರಿಸಿದೆ.

"ಶರಣಾ, ನೀ ಒಬ್ಬ ಪ್ಯಾಕಿಂಗಿಗೆ ಹೋದ್ರ ಆ ಕೆಂಪು ಕಂಬ ಖರೇ ಐತಿ ಅಂದಂಗ ಆಗತೈತಿ. ಆಮ್ಯಾಲ ನಮ್ಮೆಲ್ಲಾರ ಹೊಟ್ಟಿ ಮ್ಯಾಲ ಕಲ್ಲು. ಮಂದಿ ಏನಂತಾರ ನಿನಗ?"

ಅವನು ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ರುಜು ಹಾಕಿದ. ಕಾಗದದ ಆ ಮೂಲೆ ಸ್ವಲ್ಪ ನೆನೆದಿತ್ತು. ಮರುದಿನ ನಾನೇ ಹೋಗಿ ಪತ್ರವನ್ನು ಆಫೀಸಿಗೆ ಕೊಟ್ಟುಬಂದೆ. ಮ್ಯಾನೇಜರು ಅದನ್ನು ಎರಡು ಸಲ ಓದಿ, ಜೋಪಾನವಾಗಿ ಫೈಲಿನಲ್ಲಿಟ್ಟ. ನನ್ನ ಅಕ್ಷರ ಚೆನ್ನಾಗಿದೆಯೆಂದು ಹೊಗಳಿದ. ಕಿವಿಮುಚ್ಚಳ ಬರಲೇ ಇಲ್ಲ. ಡಾಕ್ಟರಮ್ಮ ಒಂದು ಸಲ ಗೇಟಿನವರೆಗೆ ಬಂದು ಹೋದರೆಂದು ಆಮೇಲೆ ತಿಳಿಯಿತು.

ಮನೆಯಲ್ಲಿ ನನ್ನ ಹೆಂಡತಿ ಮಹಾದೇವಿ ನನ್ನೊಡನೆ ಏನು ಮಾತಾಡಬೇಕಾದರೂ ಒಲೆ ಬಿಟ್ಟು ಎದ್ದುಬಂದು ಎದುರಿಗೆ ನಿಂತು ಮಾತಾಡುತ್ತಿದ್ದಳು. ಗಂಡನಿಗೆ ಮರ್ಯಾದೆ ಕೊಡುವ ಪರಿ ಎಂದು ನಾನು ಬೀಗುತ್ತಿದ್ದೆ. ಪತ್ರ ಕೊಟ್ಟ ಸುದ್ದಿ ಹೇಳಿದಾಗ ಆಕೆ, "ನಾ ಹಿಂದಿಂದ ಒದರಿದ್ದು ಎಂದರ ಒಂದು ದಿನ ಕೇಳೀರೇನ್ರಿ?" ಎಂದಳು. ನಿನಗೇನು ತಿಳಿಯುತ್ತದೆ ಎಂದೆ. ಆಕೆ ಹದಿನೈದು ವರ್ಷದಿಂದ ಕಣ್ಣಾರೆ ಕಂಡದ್ದನ್ನೂ ನಾನು ಬರಿಯ ಅಭಿಪ್ರಾಯ ಎಂದು ತಳ್ಳಿಹಾಕಿದೆ.

ಚಳಿಗಾಲ ಕಳೆಯಿತು. ಬೇಸಿಗೆಯ ಮೊದಲಿಗೆ ಎಲ್ಲ ಬಂದ್ ಆಯಿತು. ಶರಣಪ್ಪ ಹೆಂಡತಿ ಮಗಳನ್ನು ಕರೆದುಕೊಂಡು ಯಾವುದೋ ಲಾರಿ ಹಿಡಿದು ಮಾನ್ವಿ ಸೇರಿದ. ಮಳೆ ಶುರುವಾಗುವ ಹೊತ್ತಿಗೆ ಕಾರ್ಖಾನೆ ತೆರೆಯಿತು. ಅವನೊಬ್ಬನೇ ವಾಪಸು ಬಂದ. ಬೋರ್ಡಿನಲ್ಲಿ ಮಾಸ್ಕ್ ಕಡ್ಡಾಯ ಎಂಬ ದೊಡ್ಡ ಹಾಳೆಯನ್ನು ಚಾರ್ಟಿನ ಮೇಲೆಯೇ ಅಂಟಿಸಿದ್ದರು. ಕೆಂಪು ಕಂಬದ ತುದಿ ಮಾತ್ರ ಮೇಲೆ ಇಣುಕುತ್ತಿತ್ತು.

ಮೊದಲ ದಿನವೇ ಶಾಪಿನಲ್ಲಿ ಏನೋ ಆಗಿಹೋಗಿತ್ತು. ಯಾರೂ ಯಾರೊಡನೆಯೂ ಮಾತಾಡುತ್ತಿಲ್ಲ. ಮಾತಾಡುತ್ತಿದ್ದಾರೆ, ತಿಳಿಯುತ್ತಿಲ್ಲ. ಬಾಯಿಗಳೆಲ್ಲ ಬಟ್ಟೆಯ ಹಿಂದೆ ಹೋಗಿದ್ದವು. ಚಹಾ ಬಿಡುವಿನಲ್ಲೂ, ಪ್ರೆಸ್ಸುಗಳು ನಿಂತಿದ್ದಾಗಲೂ ಹಾಗೆಯೇ. ಗೌಸ್ ಭಾಯ್ ನನ್ನ ಹತ್ತಿರ ಬಂದು ಏನೋ ಹೇಳಿದ, ನಾನು ಹ್ಞಾಂ ಎಂದೆ, ಅವನು ಮತ್ತೆ ಹೇಳಿದ, ನಾನು ತಲೆಯಾಡಿಸಿದೆ. ಕೊನೆಗೆ ಅವನು ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡ ಮೇಲೆ ತಿಳಿಯಿತು, ಬೆಂಕಿಪೆಟ್ಟಿಗೆ ಕೇಳುತ್ತಿದ್ದ. ಡಾಕ್ಟರಮ್ಮ ಕುರ್ಚಿ ತಿರುಗಿಸಿದ ಹಾಗೆಯೇ ಆಗಿತ್ತು. ಆ ಕೆಂಪು ಕಂಬದಲ್ಲಿ ನಾವೆಲ್ಲ ನಿಂತಿದ್ದೇವೆ ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಆ ದಿನ ಗೊತ್ತಾಯಿತೆಂದು ನಾನು ಆಣೆ ಮಾಡಿ ಹೇಳುತ್ತೇನೆ. ಬಾಯಿಬಿಟ್ಟು ಹೇಳಿದವರು ಯಾರೂ ಇಲ್ಲ. ಬಟ್ಟೆ ದಪ್ಪ ಎಂದರು. ಎರಡು ಪದರಿನದು ಬೇಡ, ಒಂದು ಪದರಿನದು ತರಿಸಿ ಎಂದರು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬ.

ಎರಡನೆಯ ವಾರ, ಹೊರಗೆ ಒಂದೇ ಸಮನೆ ಮಳೆ. ಶರಣಪ್ಪನ ಪ್ರೆಸ್ಸಿನ ಡೈಯಲ್ಲಿ ಒಂದು ತುಂಡು ಸಿಕ್ಕಿಕೊಂಡಿತು. ಇಂಥ ಹೊತ್ತಿಗೆ ಗೋಡೆಯ ಮೇಲಿನ ಮೇನ್ ಸ್ವಿಚ್ ಇಳಿಸಿ ಆಮೇಲೆ ಕೈ ಹಾಕಬೇಕು. ಸ್ವಿಚ್ಚಿನ ಹತ್ತಿರ ನಾನಿದ್ದೆ. ಶೀತದ ದಿನಗಳಲ್ಲಿ ಅದರ ಹಿಡಿಕೆ ಬಿಗಿಯಾಗುತ್ತಿತ್ತು, ಬಲಗೈಯಿಂದ ಜಗ್ಗುತ್ತಿದ್ದೆ, ಇಳಿಯಲಿಲ್ಲ. ಶರಣಪ್ಪ ಬಗ್ಗಿದಲ್ಲಿಂದ ನನ್ನ ಕಡೆ ತಿರುಗಿ, ಆಯಿತೇ ಎಂದು ಹುಬ್ಬೆತ್ತಿ ಕೇಳಿದ.

"ಬ್ಯಾಡ, ತಡಿ!" ಎಂದು ನಾನು ಮಾಸ್ಕಿನೊಳಗಿಂದ ಕೂಗಿದೆ.

ಎದೆಯಲ್ಲಿದ್ದ ಉಸಿರೆಲ್ಲ ಸೇರಿಸಿ ಕೂಗಿದೆ. ಕೂಗಿದ ರಭಸಕ್ಕೆ ನನ್ನ ತಲೆ ಮುಂದಕ್ಕೆ ಬಾಗಿತು. ಅವನಿಗೆ ಕಂಡದ್ದು ಅಷ್ಟೇ. ಅಣ್ಣ ಹ್ಞೂಂ ಎಂದ ಎಂದುಕೊಂಡು ಡೈಯೊಳಗೆ ಕೈ ಹಾಕಿದ. ಅವನ ಕಾಲು ಪೆಡಲಿಗೆ ತಾಗಿತೋ, ಯಂತ್ರವೇ ಜಾರಿತೋ ಇವತ್ತಿಗೂ ಗೊತ್ತಿಲ್ಲ. ಬಲಗೈಯ ನಡುವಿನ ಮೂರು ಬೆರಳು ಹೋದವು. ಅವನು ಚೀರಿದ್ದನ್ನು ನಾನು ಕೇಳಲಿಲ್ಲ. ಅವನ ಮಾಸ್ಕು ಒಳಕ್ಕೂ ಹೊರಕ್ಕೂ ಆಡುತ್ತಿದ್ದುದನ್ನು ಕಂಡೆ.

ವಿಚಾರಣೆ ನಡೆದದ್ದು ಮ್ಯಾನೇಜರಿನ ಕೋಣೆಯಲ್ಲಿ, ಹೊರಗಿನಿಂದ ಇಬ್ಬರು ಬಂದಿದ್ದರು. ಮಾಸ್ಕ್ ತೆಗೆದು ದೂರ ಕೂತು ಮಾತಾಡಿದರು, ಹಾಗಾಗಿ ಪ್ರಶ್ನೆಗಳೆಲ್ಲ ನನಗೆ ಸರಿಯಾಗಿ ತಿಳಿದವು. ನೀನು ಎಚ್ಚರಿಸಿದೆಯಾ? ಎಚ್ಚರಿಸಿದೆ ಸಾಬ್. ಹೇಗೆ? ಜೋರಾಗಿ ಕೂಗಿ ಹೇಳಿದೆ. ಅವನಿಗೆ ಕಿವಿ ಕೇಳಿಸುತ್ತದೆಯೇ? ಆಗ ಮ್ಯಾನೇಜರು ಫೈಲಿನಿಂದ ಆ ಪತ್ರ ತೆಗೆದು ಮೇಜಿನ ಮೇಲಿಟ್ಟ. ಒಂದು ಮೂಲೆ ನೆನೆದು ಒಣಗಿ ಸುಕ್ಕಾಗಿತ್ತು. ಇದು ನಿನ್ನ ಅಕ್ಷರ ತಾನೇ?

ಆ ಗಳಿಗೆಯಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಸಾಬ್, ಅವನಿಗೆ ಕೇಳಿಸುವುದಿಲ್ಲ, ನನಗೂ ಕೇಳಿಸುವುದಿಲ್ಲ, ನಮ್ಮಲ್ಲಿ ಯಾರಿಗೂ ಕೇಳಿಸುವುದಿಲ್ಲ, ಆ ಪತ್ರ ಸುಳ್ಳು. ಹೇಳಿದ್ದರೆ ಶರಣಪ್ಪನ ತಪ್ಪಲ್ಲವೆಂದು ಆಗುತ್ತಿತ್ತು. ನಾನೂ ಕಿವುಡರ ಪಟ್ಟಿಗೆ ಸೇರಿ ಮನೆಗೆ ಹೋಗುತ್ತಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು.

"ಹ್ಞಾಂ ಸಾಬ್. ನನ್ನ ಅಕ್ಷರ. ಅವನಿಗೆ ಕೇಳಿಸುತ್ತದೆ" ಎಂದು ಹಿಂದಿಯಲ್ಲಿ ಹೇಳಿದೆ.

ಎಚ್ಚರಿಸಿದರೂ ಲಕ್ಷ್ಯ ಕೊಡದೆ ಕೈ ಹಾಕಿದ ಎಂದು ಬರೆದುಕೊಂಡರು. ಶರಣಪ್ಪನನ್ನು ಅವನ ಅಜಾಗರೂಕತೆಗಾಗಿ ಕೆಲಸದಿಂದ ತೆಗೆದರು. ಅವನು ಎಂಟು ವರ್ಷದಲ್ಲಿ ಒಂದು ದಿನವೂ ಬೇಜವಾಬ್ದಾರಿಯಿಂದ ನಡೆದವನಲ್ಲ, ಅದನ್ನು ನನ್ನಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಖೋಲಿ ಖಾಲಿ ಮಾಡುವ ದಿನ ಎಡಗೈಯಲ್ಲಿ ಟ್ರಂಕು ಹಿಡಿದು ನನ್ನ ಬಾಗಿಲಿಗೆ ಬಂದು, "ಬರ್ತೀನಣ್ಣ, ಹುಷಾರಿರು" ಎಂದ. ವಿಚಾರಣೆಯಲ್ಲಿ ನಾನೇನು ಹೇಳಿದೆನೆಂದು ಅವನಿಗೆ ಗೊತ್ತಿತ್ತು. ನಾನು ಮೂರು ವರ್ಷ ಪ್ರೆಸ್ ಹೊಡೆದು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ನಿವೃತ್ತನಾದೆ.

ಈಗ ಅವನು ಮಾನ್ವಿಯಲ್ಲಿ ಅಣ್ಣನ ಹಿಟ್ಟಿನ ಗಿರಣಿಯಲ್ಲಿ ಕೂರುತ್ತಾನೆ. ಬರಿಯ ಫೋನಿನಲ್ಲಿ ನಾವಿಬ್ಬರೂ ಮಾತಾಡಲಾರೆವು. ಅವನ ಮಗಳು ವೀಡಿಯೋ ಕಾಲ್ ಹಚ್ಚಿಕೊಡುತ್ತಾಳೆ, ಇಬ್ಬರೂ ತುಟಿ ನೋಡಿಕೊಂಡು ಮಾತಾಡುತ್ತೇವೆ. ದನಿಯನ್ನು ಪೂರ್ತಿ ಇಳಿಸಿಟ್ಟರೂ ನಮಗೆ ತೊಂದರೆಯಿಲ್ಲ. ಮಳೆ, ಜೋಳ, ಮೊಮ್ಮಕ್ಕಳು, ಇಷ್ಟೇ ಮಾತು. ಆ ಪತ್ರದ ವಿಷಯ ಇಷ್ಟು ವರ್ಷದಲ್ಲಿ ಅವನು ತೆಗೆದಿಲ್ಲ, ನಾನೂ ತೆಗೆದಿಲ್ಲ.

ಸನತ್‌ನಗರದಿಂದ ಬಂದ ಆ ಸಂಜೆ, ಅಂಗಿಯಲ್ಲಿ ಇನ್ನೂ ಎಣ್ಣೆಯ ವಾಸನೆ ಇದ್ದಾಗಲೇ ಅವನಿಗೆ ಕಾಲ್ ಮಾಡಿದೆ. ಮಳೆ ಹೇಗಿದೆ ಎಂದು ಅವನು ಶುರುಮಾಡಿದ.

"ಶರಣಾ, ಆ ಪತ್ರ ನಾ ಬರೀಬಾರದಿತ್ತು. ನಿನ್ನ ಸಹಿ ತಗೋಬಾರದಿತ್ತು. ಸಾಹೇಬ್ರ ಮುಂದ ಖರೇ ಹೇಳಬೇಕಿತ್ತು. ನಾ ನಿನಗ..."

ಅವನ ತುಟಿ ಅಲುಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ಬಲಗೈ ಎತ್ತಿ ಅಂಗೈಯನ್ನು ನನ್ನ ಕಡೆ ತಿರುಗಿಸಿ ಹಿಡಿದ. ಹೆಬ್ಬೆರಳು, ಕಿರುಬೆರಳು, ನಡುವೆ ಬಯಲು. ಶಾಪಿಗೆ ಬಂದ ಮೊದಲ ದಿನ ನಾನೇ ಅವನಿಗೆ ಕಲಿಸಿದ್ದ ಗುರುತು. ನಿಲ್ಲಿಸು.

ನಾನು ನಿಲ್ಲಿಸಿದೆ. ಅವನು ಸಾಕು ಬಿಡು ಎಂದನೋ, ಇದನ್ನು ಅವತ್ತೇ ತೋರಿಸಬಾರದಿತ್ತೇ ಎಂದನೋ, ಕೇಳುವ ಧೈರ್ಯ ನನಗಾಗಲಿಲ್ಲ. ಅವತ್ತು ಸ್ವಿಚ್ಚನ್ನು ಜಗ್ಗುತ್ತಿದ್ದದ್ದು ನನ್ನ ಬಲಗೈ. ಎಡಗೈ ಖಾಲಿ ಇತ್ತು. ಅದನ್ನೊಂದು ಎತ್ತಿ ತೋರಿಸಿದ್ದರೆ ಸಾಕಿತ್ತು, ನಾನು ಕೂಗಿದೆ.